ಎಸ್‌ಎನ್2 ಆಗುತ್ತಾ, ಇ2 ಆಗುತ್ತಾ? ಸೆಕೆಂಡರಿ ಕಾರ್ಬನ್ ಬಂದರೆ ಚಾರ್ಟ್ ಕೈಕೊಡುತ್ತಿದೆ
ಪ್ರೈಮರಿಗೆ ಎಸ್‌ಎನ್2, ಟರ್ಷಿಯರಿಗೆ ಎಸ್‌ಎನ್1 ಎಂಬ ಚಾರ್ಟ್ ಬಾಯಿಪಾಠ ಆಗಿದೆ, ಸೆಕೆಂಡರಿಯಲ್ಲಿ ಮಾತ್ರ ಉತ್ತರ ತಪ್ಪುತ್ತದೆ, ಇನ್ನೂ ಒಳ್ಳೆಯ ಚಾರ್ಟ್ ಇದೆಯಾ ಅಂತ ಕೇಳಿದ್ದೀರಿ. (ಎಸ್‌ಎನ್ ಅಂದರೆ ಬ್ರೋಮಿನ್‌ನಂಥ ಗುಂಪಿನ ಜಾಗಕ್ಕೆ ಇನ್ನೊಂದು ಬಂದು ಕೂರುವುದು, ಇ ಅಂದರೆ ಎಲಿಮಿನೇಷನ್, ಆ ಗುಂಪು ಪಕ್ಕದ ಹೈಡ್ರೋಜನ್ ಜೊತೆ ಹೊರಬಿದ್ದು ಆಲ್ಕೀನ್ ಆಗುವುದು; 2 ಇದ್ದರೆ ಎಲ್ಲ ಒಂದೇ ಹೆಜ್ಜೆಯಲ್ಲಿ, 1 ಇದ್ದರೆ ಗುಂಪು ಮೊದಲೇ ಬಿಟ್ಟುಹೋಗುತ್ತದೆ. ಆ ಗುಂಪು ಹೊತ್ತ ಕಾರ್ಬನ್ನಿಗೆ ಒಂದು ಕಾರ್ಬನ್ ಅಂಟಿದ್ದರೆ ಪ್ರೈಮರಿ, ಎರಡಾದರೆ ಸೆಕೆಂಡರಿ, ಮೂರಾದರೆ ಟರ್ಷಿಯರಿ.) ಇನ್ನೊಂದು ಚಾರ್ಟ್ ನಿಮಗೆ ಬೇಡವೇ ಬೇಡ ಅನ್ನುವವನು ನಾನು. ಇರುವುದನ್ನೂ ಬದಿಗಿಡಿ. ಮೊದಲು ರೀಏಜೆಂಟ್ (ನಾವು ಹಾಕುವ ರಾಸಾಯನಿಕ) ನೋಡಿ, ಆಮೇಲೆ ಕಾರ್ಬನ್.

2-ಬ್ರೋಮೋಪ್ರೊಪೇನ್ ತೆಗೆದುಕೊಳ್ಳಿ. ಸೋಡಿಯಂ ಅಸಿಟೇಟ್ ಹಾಕಿದರೆ ಹೆಚ್ಚುಕಮ್ಮಿ ಪೂರ್ತಿ ಎಸ್ಟರ್ (ಎಸ್‌ಎನ್2) ಸಿಗುತ್ತದೆ. ಅದನ್ನೇ ಎಥನಾಲಿನಲ್ಲಿ ಸೋಡಿಯಂ ಇಥಾಕ್ಸೈಡ್ ಜೊತೆ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಟ್ಟರೆ ಸುಮಾರು ಶೇ. 80 ಪ್ರೊಪೀನ್ (ಇ2), ಉಳಿದದ್ದು ಈಥರ್ (ಎಸ್‌ಎನ್2). ಕಾರ್ಬನ್ ಅದೇ, ಬಿಟ್ಟುಹೋಗುವ ಬ್ರೋಮೈಡೂ ಅದೇ. ಆದರೆ ಅಸಿಟಿಕ್ ಆಮ್ಲದ ಪಿಕೆಎ (ಆಮ್ಲದ ಬಲದ ಅಳತೆ; ಹೆಚ್ಚಿದಷ್ಟೂ ಆಮ್ಲ ದುರ್ಬಲ, ಅದು ಪ್ರೋಟಾನ್ ಕಳೆದುಕೊಂಡು ಉಳಿಯುವ ಬೇಸ್ ಬಲ) 4.76, ಎಥನಾಲಿನದು ಸುಮಾರು 16. ಅಂದರೆ ಇಥಾಕ್ಸೈಡ್ ಅಸಿಟೇಟಿಗಿಂತ ಎಷ್ಟೋ ಪಟ್ಟು ಬಲವಾದ ಬೇಸ್.

ಅಂಕ ಹೋಗುವುದು ಇಲ್ಲೇ, ಹಾಗಾಗಿ ಸ್ವಲ್ಪ ಎಳೆದು ಹೇಳುತ್ತೇನೆ. 'ಒಳ್ಳೆಯ ನ್ಯೂಕ್ಲಿಯೋಫೈಲ್', 'ಬಲವಾದ ಬೇಸ್' ಎರಡನ್ನೂ ಒಂದೇ ಖಾನೆಗೆ ತುಂಬಿಬಿಡುತ್ತಾರೆ. ನ್ಯೂಕ್ಲಿಯೋಫೈಲ್ ಕಾರ್ಬನ್ನಿನ ಬೆನ್ನಿಗೆ ಬಂದು ಬಡಿಯಬೇಕು. ಅಲ್ಲಿ ಮುಖ್ಯ ವೇಗ, ಮತ್ತು ಒಳಗೆ ನುಗ್ಗಲು ಜಾಗ. ಬೇಸ್ ಪಕ್ಕದ ಕಾರ್ಬನ್ನಿನ ಹೈಡ್ರೋಜನ್ ಕಿತ್ತುಕೊಂಡರೆ ಸಾಕು, ಅದು ಹೊರಗಡೆಯೇ ಸಿಗುತ್ತದೆ. ಅಯೋಡೈಡ್ ಅದ್ಭುತ ನ್ಯೂಕ್ಲಿಯೋಫೈಲ್, ಬೇಸ್ ಆಗಿ ಸೊನ್ನೆ, ಯಾಕೆಂದರೆ ಎಚ್‌ಐ ಅಷ್ಟು ಪ್ರಬಲ ಆಮ್ಲ. ಟರ್ಷಿಯರಿ ಬ್ಯೂಟಾಕ್ಸೈಡ್ ತದ್ವಿರುದ್ಧ: ಬೇಸ್ ಆಗಿ ಗಟ್ಟಿ, ಆದರೆ ಗಾತ್ರದಿಂದಾಗಿ ಕಾರ್ಬನ್ ಹತ್ತಿರ ಹೋಗಲಾರದು. 1-ಬ್ರೋಮೋಆಕ್ಟಾಡೆಕೇನ್‌ಗೆ ಮೆಥಾಕ್ಸೈಡ್ ಹಾಕಿದರೆ ಶೇ. 99 ಈಥರ್, ಟರ್ಷಿಯರಿ ಬ್ಯೂಟಾಕ್ಸೈಡ್ ಹಾಕಿದರೆ ಸುಮಾರು ಶೇ. 85 ಆಲ್ಕೀನ್. ಪ್ರೈಮರಿ ಕಾರ್ಬನ್ನಿನಲ್ಲೇ ಹೀಗೆ! ನಿಮ್ಮ ಚಾರ್ಟ್ ಸೆಕೆಂಡರಿಯಲ್ಲಿ ಮಾತ್ರ ಸೋಲುತ್ತಿಲ್ಲ.

ಸೆಕೆಂಡರಿಗೆ ನಾನು ಇಟ್ಟುಕೊಂಡಿರುವ ಅಂದಾಜು ಇದು: ರೀಏಜೆಂಟ್‌ಗೆ ಒಂದು ಪ್ರೋಟಾನ್ ಸೇರಿಸಿ, ಬರುವ ಆಮ್ಲದ ಪಿಕೆಎ ನೋಡಿ. 12ಕ್ಕಿಂತ ಮೇಲಿದ್ದರೆ (ಹೈಡ್ರಾಕ್ಸೈಡ್, ಆಲ್ಕಾಕ್ಸೈಡ್) ಇ2 ಮುಂದೆ. ಕೆಳಗಿದ್ದರೆ (ಅಝೈಡ್ 4.7, ಸಯನೈಡ್ 9.2, ಥಯೋಲೇಟ್ ಸುಮಾರು 10.5) ಎಸ್‌ಎನ್2, ಅದೂ ಡಿಎಂಎಸ್‌ಒ ಅಥವಾ ಡಿಎಂಎಫ್‌ನಂಥ ದ್ರಾವಕದಲ್ಲಿ ಚೆನ್ನಾಗಿ. ಕಾಯಿಸಿದಷ್ಟೂ ಎಲಿಮಿನೇಷನ್ ಪಾಲು ಏರುತ್ತದೆ.

ಟರ್ಷಿಯರಿಯಲ್ಲಿ ಬಲವಾದ ಬೇಸ್ ಇದ್ದರೆ ಇ2, ಎಸ್‌ಎನ್1 ಬರೆಯಲೇಬೇಡಿ. ಬರೀ ನೀರು ಅಥವಾ ಎಥನಾಲ್ ಇದ್ದರೆ ಎಸ್‌ಎನ್1, ಬಾಲಕ್ಕೆ ಒಂದಷ್ಟು ಇ1. ಎರಡೂ ಒಂದೇ ಕಾರ್ಬೋಕ್ಯಾಟಯಾನ್‌ನಿಂದ (ಗುಂಪು ಬಿಟ್ಟುಹೋದ ಮೇಲೆ ಉಳಿಯುವ ಧನ ಆವೇಶದ ಕಾರ್ಬನ್) ಹುಟ್ಟುವುದರಿಂದ ಬೇರ್ಪಡಿಸಲು ಒದ್ದಾಡಬೇಡಿ. ಹೈಡ್ರೈಡ್ ಶಿಫ್ಟ್ (ಪಕ್ಕದ ಹೈಡ್ರೋಜನ್ ತನ್ನ ಎಲೆಕ್ಟ್ರಾನ್ ಜೋಡಿ ಸಮೇತ ಆ ಕಾರ್ಬನ್ನಿಗೆ ಜಿಗಿಯುವುದು) ಮಾತ್ರ ಪರೀಕ್ಷಿಸಿ: ಸೆಕೆಂಡರಿಯಾದ 2-ಬ್ರೋಮೋ-3-ಮೀಥೈಲ್‌ಬ್ಯೂಟೇನ್ ನೀರಿನಲ್ಲಿ ಮುಖ್ಯವಾಗಿ 2-ಮೀಥೈಲ್-2-ಬ್ಯೂಟನಾಲ್ ಕೊಡುತ್ತದೆ.

ಇ2 ಅಂತ ತೀರ್ಮಾನಿಸಿದ ಮೇಲೆ ಉಂಗುರವಿದ್ದರೆ ಚೇರ್ (ಆರು ಕಾರ್ಬನ್ನಿನ ಉಂಗುರದ ಕುರ್ಚಿಯಾಕಾರ) ಬರೆಯದೆ ಉತ್ಪನ್ನ ಬರೆಯಬೇಡಿ. ಟ್ರಾನ್ಸ್-1-ಬ್ರೋಮೋ-2-ಮೀಥೈಲ್‌ಸೈಕ್ಲೋಹೆಕ್ಸೇನ್‌ನಲ್ಲಿ ಬ್ರೋಮಿನ್ ಆಕ್ಸಿಯಲ್ (ಉಂಗುರಕ್ಕೆ ನೇರ ಮೇಲೆ ಅಥವಾ ಕೆಳಗೆ) ಆದಾಗ ಮೀಥೈಲ್ ಕೂಡ ಆಕ್ಸಿಯಲ್, ಹಾಗಾಗಿ 2ನೇ ಕಾರ್ಬನ್ನಿನ ಹೈಡ್ರೋಜನ್ ಬ್ರೋಮಿನ್‌ಗೆ ಆಂಟಿ (ಇ2ಗೆ ಬೇಕಾದ ನೇರ ವಿರುದ್ಧ ದಿಕ್ಕು) ಆಗಿ ನಿಲ್ಲುವುದಿಲ್ಲ. ಬೇಸ್ 6ನೇ ಕಾರ್ಬನ್ನಿನಿಂದ ಹೈಡ್ರೋಜನ್ ತೆಗೆಯುತ್ತದೆ, 3-ಮೀಥೈಲ್‌ಸೈಕ್ಲೋಹೆಕ್ಸೀನ್ ಬರುತ್ತದೆ. ಝೈಟ್ಸೆವ್ ನಿಯಮ (ಹೆಚ್ಚು ಕಾರ್ಬನ್ ಅಂಟಿದ ಆಲ್ಕೀನೇ ಮುಖ್ಯ ಅನ್ನುವುದು) ಹೇಳುವ 1-ಮೀಥೈಲ್ ಆಲ್ಕೀನ್ ಬರುವುದಿಲ್ಲ.