ಬೇಸಿಗೆ ರಜೆ ಬೇಡ, ದಸರಾ ರಜೆಗೆ ಕೀನ್ಯಾಗೆ ಹೋಗಿ

ನಿಮ್ಮ ಪ್ರಶ್ನೆ ಓದಿದೆ. ಏಪ್ರಿಲ್ ಕೊನೆಗೆ ಮಕ್ಕಳಿಗೆ ರಜೆ, ಎಂಟು ದಿನ ಕೈಲಿದೆ, ನೀವಿಬ್ರು, ಇಬ್ರು ಮಕ್ಕಳು, ಜೊತೆಗೆ 63 ವರ್ಷದ ಅತ್ತೆ, ಎಲ್ರೂ ಪ್ಯೂರ್ ವೆಜ್. ಏಜೆಂಟು ಕೀನ್ಯಾ ಸಫಾರಿಗೆ ಅಂತ ಅಂಬೋಸೆಲಿ ಒಂದು ರಾತ್ರಿ, ನಕೂರು ಒಂದು ರಾತ್ರಿ, ಮಸಾಯಿ ಮಾರಾ ಒಂದು ರಾತ್ರಿ, ಅಲ್ಲಿಂದ ಟಾಂಜಾನಿಯಾ ಸೆರೆಂಗೆಟಿ, ಗೊರೊಂಗೊರೊ ಅಂತ ಬರ್ಕೊಟ್ಟಿದಾರೆ, ಇದು ಆಗತ್ತಾ ಅಂತ ಕೇಳಿದೀರ. ಆಗತ್ತೆ, ಆದ್ರೆ ದಯವಿಟ್ಟು ಹಂಗೆ ಹೋಗ್ಬೇಡಿ. ನಾವು 2024ರ ದಸರಾ ರಜೇಲಿ ಹೋಗಿದ್ವಿ, ನಾನು, ನಮ್ಮೆಜಮಾನ್ರು, ಮಗಳು (ಆಗ 9 ವರ್ಷ), ನಮ್ಮಮ್ಮ (61). ನಮಗೂ ಮೊದಲು ಇಂಥದ್ದೇ ಪ್ಲಾನ್ ಕೊಟ್ಟಿದ್ರು, ಅರ್ಧ ಒಪ್ಕೊಂಡ್ವಿ, ಆ ಅರ್ಧಕ್ಕೆ ಇವತ್ತಿಗೂ ಬೇಜಾರಿದೆ, ಅದಕ್ಕೇ ಉದ್ದ ಬರೀತಿದೀನಿ.

ಮೊದಲನೇದು ತಿಂಗಳು. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ, ಅದ್ರಲ್ಲೂ ಏಪ್ರಿಲ್ ಅಂದ್ರೆ ಜೋರು. ಮಾರಾದಲ್ಲಿ ಬಹಳ ಕಡೆ ಎರೆಮಣ್ಣು, ನಮ್ಮ ಧಾರವಾಡ ಗದಗ ಕಡೆ ಇರತ್ತಲ್ಲ ಹಂಗೇ, ಒಂದು ಮಳೆ ಬಿದ್ರೆ ಗಾಡಿ ಚಕ್ರ ಅಲ್ಲೇ ಕೂತ್ಕೊಳತ್ತೆ. ಹುಲ್ಲು ಬೇರೆ ಎದೆಮಟ್ಟ ಬೆಳೆದಿರತ್ತೆ, ಸಿಂಹ ಹತ್ತಡಿ ದೂರದಲ್ಲಿ ಮಲಗಿದ್ರೂ ಕಾಣಲ್ಲ. ಕೆಲವು ಕ್ಯಾಂಪ್‌ಗಳು ಆ ಟೈಮಲ್ಲಿ ಬಾಗಿಲೇ ಹಾಕಿರ್ತವೆ. ರೇಟ್ ಕಡಿಮೆ ಅನ್ನೋದು ನಿಜ, ಆದ್ರೆ ವಯಸ್ಸಾದವರನ್ನ, ಮಕ್ಕಳನ್ನ ಕಟ್ಕೊಂಡು ಮೊದಲನೇ ಸಲ ಹೋಗೋರಿಗೆ ಅದು ಬೇಡ.

ನಮ್ಮ ಕರ್ನಾಟಕದೋರಿಗೆ ದಸರಾ ರಜೆ ಅನ್ನೋದು ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಸೆರೆಂಗೆಟಿಯಿಂದ ಹತ್ತು ಲಕ್ಷಕ್ಕೂ ಮಿಕ್ಕಿ ದನದಂಥ ದೊಡ್ಡ ಜಿಂಕೆಗಳು, ಅಂದ್ರೆ ವೈಲ್ಡ್‌ಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾಗಳು ಹಸಿ ಹುಲ್ಲು ಹುಡುಕ್ಕೊಂಡು ಜುಲೈ ಹೊತ್ತಿಗೆ ಮಾರಾ ಕಡೆ ಬರ್ತವೆ, ಅಕ್ಟೋಬರ್‌ವರೆಗೂ ಅಲ್ಲೇ ಇದ್ದು ಸಣ್ಣ ಮಳೆ ಶುರುವಾಗೋ ಹೊತ್ತಿಗೆ ದಕ್ಷಿಣಕ್ಕೆ ವಾಪಸ್ ಹೊರಡ್ತವೆ. ಆಗಸ್ಟಲ್ಲಿ ಯೂರೋಪ್ ಜನ ಎಲ್ಲಾ ಅಲ್ಲೇ ಇರ್ತಾರೆ, ಅಕ್ಟೋಬರಲ್ಲಿ ಸ್ವಲ್ಪ ಕಡಿಮೆ ಆಗಿರ್ತಾರೆ. ನಾವು ಹೋದಾಗ ಇನ್ನೂ ಹಿಂಡು ಹಿಂಡು ಇದ್ವು, ಬಯಲು ಪೂರ್ತಿ ಸಾಸಿವೆ ಚೆಲ್ಲಿದ ಹಾಗೆ. ಅಂದಹಾಗೆ ಮಾರಾ ಅನ್ನೋ ಪದಕ್ಕೆ ಮಸಾಯಿ ಭಾಷೇಲಿ ಚುಕ್ಕೆಚುಕ್ಕೆ ಅಂತ ಅರ್ಥವಂತೆ, ಮೇಲಿಂದ ನೋಡಿದ್ರೆ ಬಯಲಲ್ಲಿ ಒಂದೊಂದೇ ಮರ ಚುಕ್ಕೆ ಇಟ್ಟ ಹಾಗೆ ಕಾಣತ್ತಲ್ಲ, ಅದಕ್ಕೆ.

ಈಗ ಟಾಂಜಾನಿಯಾ ವಿಷಯ. ಮ್ಯಾಪಲ್ಲಿ ನೋಡಿದ್ರೆ ಮಾರಾ, ಸೆರೆಂಗೆಟಿ ಒಂದಕ್ಕೊಂದು ಅಂಟ್ಕೊಂಡೇ ಇವೆ, ಒಂದೇ ಕಾಡು. ಆದ್ರೆ ಪ್ರಾಣಿಗಳಿಗೆ ಮಾತ್ರ ಆ ದಾರಿ, ನಮ್ಮಂಥ ಟೂರಿಸ್ಟ್‌ಗಳಿಗೆ ಅಲ್ಲಿ ಬಾರ್ಡರ್ ದಾಟಕ್ಕೆ ಬಿಡಲ್ಲ, ಸುತ್ತಿ ಬಳಸಿ ಇಸೆಬಾನಿಯಾ ಅನ್ನೋ ಬಾರ್ಡರ್ ಊರಿನ ಕಡೆಯಿಂದ ಹೋಗ್ಬೇಕು, ಒಂದಿಡೀ ದಿನ ಅದ್ರಲ್ಲೇ ಹೋಗತ್ತೆ. ಅದ್ರ ಮೇಲೆ ಇನ್ನೊಂದು ವೀಸಾ, ಸಾಮಾನ್ಯವಾಗಿ ಇನ್ನೊಂದು ಗಾಡಿ, ಇನ್ನೊಬ್ಬ ಡ್ರೈವರ್. ಎಂಟು ದಿನಕ್ಕೆ ಒಂದೇ ದೇಶ ಸಾಕು ಕಣ್ರೀ. ಸೆರೆಂಗೆಟಿ ಮಾರಾದ ಹತ್ತರಷ್ಟು ದೊಡ್ಡದು, ಅದಕ್ಕೆ ಅಂತಲೇ ಇನ್ನೊಂದು ಸಲ ಹೋಗಿ.

ನಮ್ಮ ತಪ್ಪು ಏನಾಯ್ತು ಅಂದ್ರೆ, ಟಾಂಜಾನಿಯಾ ತೆಗೆಸಿದ್ವಿ ಆದ್ರೆ ಅಂಬೋಸೆಲಿ, ನಕೂರು ಎರಡೂ ಇಟ್ಕೊಂಡ್ವಿ. ನಕೂರಿಂದ ಅಂಬೋಸೆಲಿಗೆ ಬೆಳಿಗ್ಗೆ ತಿಂಡಿ ತಿಂದು ಹೊರಟೋರು ಸೇರೋ ಹೊತ್ತಿಗೆ ಸಂಜೆ ಕತ್ತಲಾಗ್ತಿತ್ತು, ನೈರೋಬಿ ಟ್ರಾಫಿಕ್ಕು ಬೇರೆ ಮಧ್ಯ, ಮಗಳು ಎರಡು ಸಲ ವಾಂತಿ ಮಾಡ್ಕೊಂಡ್ಳು, ಅಮ್ಮನ ಕಾಲು ಊದ್ಕೊಂಡಿತ್ತು. ಕಿಲಿಮಾಂಜಾರೊ (5,895 ಮೀಟರ್, ಬೆಟ್ಟ ಟಾಂಜಾನಿಯಾದ್ದು, ಚೆನ್ನಾಗಿ ಕಾಣೋದು ಅಂಬೋಸೆಲಿ ಕಡೆಯಿಂದ) ಸಾಮಾನ್ಯವಾಗಿ ಬೆಳಗ್ಗೆ ಬೇಗ ಇಲ್ಲಾ ಸಂಜೆ ಮೋಡ ಸರಿದಾಗ ಕಾಣೋದು. ನಮಗಿದ್ದಿದ್ದು ಒಂದೇ ಬೆಳಗ್ಗೆ, ಅವತ್ತು ಮೋಡ. ಆನೆ ಹಿಂಡು ಮಾತ್ರ ಕಣ್ತುಂಬ ನೋಡಿದ್ವಿ. ಎರಡು ರಾತ್ರಿ ಇಟ್ಕೊಳ್ಳಕ್ಕೆ ಆಗಲ್ಲ ಅಂದ್ರೆ ಅಂಬೋಸೆಲಿ ಬಿಟ್ಟುಬಿಡಿ. ನಕೂರು ಸರೋವರ ಫ್ಲೆಮಿಂಗೋಗೆ ಅಂತ ಹೋಗೋದಾದ್ರೆ ಅದೂ ಬೇಡ, ಈಚಿನ ವರ್ಷಗಳಲ್ಲಿ ಅಲ್ಲಿ ನೀರು ಏರಿ ಹಕ್ಕಿಗಳು ಬಹಳ ಕಡಿಮೆ ಆಗಿವೆ. ಘೇಂಡಾಮೃಗಕ್ಕೆ ಅಂತಾದ್ರೆ ಹೋಗ್ಬಹುದು, ಕರಿ ಬಿಳಿ ಎರಡೂ ಜಾತಿ ಇವೆ.

ನಾನಾಗಿದ್ರೆ ಈಗ ಹಿಂಗೆ ಮಾಡ್ತಿದ್ದೆ: ನೈರೋಬಿ ಒಂದು ರಾತ್ರಿ, ನೈವಾಶಾ ಎರಡು ರಾತ್ರಿ, ಮಾರಾ ನಾಲ್ಕು ರಾತ್ರಿ, ವಾಪಸ್. ನೈವಾಶಾದಲ್ಲಿ ಸಿಹಿನೀರಿನ ಸರೋವರ, ದೋಣೀಲಿ ಹೋದ್ರೆ ನೀರಾನೆಗಳು, ಕ್ರೆಸೆಂಟ್ ಐಲ್ಯಾಂಡ್ ಅಂತ ಇದೆ, ಅಲ್ಲಿ ಜಿರಾಫೆ ಜೀಬ್ರಾಗಳ ಮಧ್ಯ ನಡ್ಕೊಂಡೇ ಓಡಾಡ್ಬಹುದು, ಪಕ್ಕದ ನ್ಯಾಷನಲ್ ಪಾರ್ಕ್ ಹೆಲ್ಸ್ ಗೇಟ್‌ನಲ್ಲಿ ಸೈಕಲ್ ಹೊಡೀಬಹುದು. ಗಾಡೀಲಿ ಕೂತು ಕೂತು ಬೇಜಾರಾಗೋ ಮಕ್ಕಳಿಗೆ ಇದು ಬೇಕೇ ಬೇಕು. ನೈರೋಬೀಲಿ ಸಮಯ ಸಿಕ್ರೆ ಊರಿಗೆ ಅಂಟ್ಕೊಂಡೇ ಇರೋ ನ್ಯಾಷನಲ್ ಪಾರ್ಕ್, ಅದು 1946ರಿಂದ ಇರೋದು. ತಾಯಿ ಕಳ್ಕೊಂಡ ಆನೆಮರಿಗಳನ್ನ ಸಾಕೋ ಶೆಲ್ಡ್ರಿಕ್ ಟ್ರಸ್ಟ್ ಅಲ್ಲೇ ಇದೆ, ಬೆಳಿಗ್ಗೆ ಒಂದೇ ಗಂಟೆ ಜನರನ್ನ ಬಿಡೋದು, ಮುಂಚೆ ಬುಕ್ ಮಾಡ್ಬೇಕು.

ಮಾರಾದಲ್ಲಿ ನಾಲ್ಕು ರಾತ್ರಿ ಯಾಕೆ ಅಂತ ನಿಮಗೆ ಅನ್ನಿಸ್ಬಹುದು, ಕಬಿನೀಲಿ ಎರಡು ಸಫಾರಿ ಮಾಡಿ ಬರೋರಲ್ವಾ ನಾವು. ಕಬಿನಿ, ಬಂಡೀಪುರದಲ್ಲಿ ಹುಲಿ ದಾರಿ ದಾಟಿದ್ದು ನಾಲ್ಕು ಸೆಕೆಂಡ್ ಕಂಡ್ರೆ ಅದೇ ದೊಡ್ಡದು, ಆಮೇಲೆ ಲಂಟಾನದ ಒಳಗೆ ಹೋಗ್ಬಿಡತ್ತೆ. ಮಾರಾ ಹಂಗಲ್ಲ, ಬಟ್ಟಬಯಲು, ಪ್ರಾಣಿ ಅಲ್ಲೇ ಇರತ್ತೆ, ನೀವು ಎಷ್ಟು ಹೊತ್ತು ಕೂತ್ರೆ ಅಷ್ಟು ಅದ್ರ ಬದುಕು ಕಾಣತ್ತೆ. ಮೂರನೇ ದಿನ ಬೆಳಿಗ್ಗೆ ಏಳರ ಸುಮಾರಿಗೆ ಒಂದು ಹುತ್ತದ ಮೇಲೆ ಸಿವಂಗಿ ಕೂತಿತ್ತು, ಚೀತಾ, ಕೆಳಗೆ ಮೂರು ಮರಿ. ನಮ್ಮ ಡ್ರೈವರ್ ಇಂಜಿನ್ ಆಫ್ ಮಾಡಿದ್ರು. ಹುಲ್ಲಿನ ಇಬ್ಬನಿಗೆ ಮರಿಗಳ ಹೊಟ್ಟೆ ಕಡೆ ಕೂದಲೆಲ್ಲ ಒದ್ದೆಯಾಗಿ ಮುದ್ದೆ ಮುದ್ದೆ ಆಗಿತ್ತು, ಒಂದು ಮರಿ ಅಮ್ಮನ ಬಾಲ ಹಿಡ್ಕೊಂಡು ಕಚ್ತಾ ಇತ್ತು, ಅದು ಬಾಲ ಎಳ್ಕೊಳ್ತಾನೇ ಇರಲಿಲ್ಲ, ಕಣ್ಣು ಮಾತ್ರ ದೂರದ ಜಿಂಕೆಗಳ ಮೇಲೆ. ಹಂಗೇ ಒಂದು ಗಂಟೆ. ಅಷ್ಟ್ರಲ್ಲಿ ನಾಲ್ಕೈದು ಗಾಡಿ ಬಂದ್ವು, ಫೋಟೋ ತಗೊಂಡ್ವು, ಐದು ನಿಮಿಷಕ್ಕೆ ಹೋದ್ವು, ಅವರಿಗೆ ಮಧ್ಯಾಹ್ನದೊಳಗೆ ಚೆಕ್‌ಔಟ್ ಇತ್ತೇನೋ. ಆಮೇಲೆ ತಾಯಿ ಸಿವಂಗಿ ಇಳೀತು. ಹುಲ್ಲಲ್ಲಿ ತಲೆ ತಗ್ಗಿಸಿ ಒಂದೊಂದೇ ಹೆಜ್ಜೆ, ನಿಲ್ಲೋದು, ಮತ್ತೆ ಹೆಜ್ಜೆ, ಆಮೇಲೆ ಓಡ್ತು ನೋಡಿ, ನನಗೆ ಉಸಿರೇ ಬರಲಿಲ್ಲ. ಸಿಗಲಿಲ್ಲ. ಜಿಂಕೆ ಕೊನೇ ಕ್ಷಣದಲ್ಲಿ ತಿರುಗಿಬಿಡ್ತು. ಸಿವಂಗಿ ವಾಪಸ್ ಬಂದು ನಮ್ಮ ಗಾಡಿ ನೆರಳಲ್ಲೇ ಮಲಗ್ತು, ಪಕ್ಕೆ ಎದ್ದು ಬಿದ್ದು ಮಾಡ್ತಿತ್ತು, ಏದುಸಿರು ನಮಗೆ ಕೇಳಿಸ್ತಿತ್ತು, ಅಷ್ಟು ಹತ್ರ. ನಮ್ಮಮ್ಮ ಮೆಲ್ಲಗೆ "ಪಾಪ, ಈಗ ಮಕ್ಕಳಿಗೆ ಏನ್ ಕೊಡ್ತಾಳೆ" ಅಂದ್ರು. ನಮ್ಮ ದೇಶದಲ್ಲಿ ಸಿವಂಗಿ ನಿರ್ನಾಮ ಆಯ್ತು ಅಂತ 1952ರಲ್ಲೇ ಘೋಷಣೆ ಆಗಿದ್ದು, 2022ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಕಾಡಿಗೆ ತಂದಿದಾರೆ ಅಂತ ಮಗಳಿಗೆ ಹೇಳ್ದೆ, ಅವಳು ಊರಿಗೆ ಬಂದು ಸ್ಕೂಲಲ್ಲಿ ಅದನ್ನೇ ಮಾತಾಡಿದ್ಲು. ಒಂದು ರಾತ್ರಿ ಮಾತ್ರ ಅಲ್ಲಿ ಇದ್ದಿದ್ರೆ ನಾವೂ ಐದು ನಿಮಿಷಕ್ಕೆ ಹೊರಡ್ತಿದ್ವಿ.

ನದಿ ದಾಟೋದು ನೋಡ್ಲೇಬೇಕು ಅಂತ ಪಟ್ಟು ಹಿಡೀಬೇಡಿ. ನಾವು ಮಾರಾ ನದಿ ದಡದಲ್ಲಿ ಮೂರು ಗಂಟೆ ಕಾದ್ವಿ, ಸಾವಿರಾರು ವೈಲ್ಡ್‌ಬೀಸ್ಟ್ ಅಂಚಿಗೆ ಬರೋದು, ಮೊಸಳೆ ನೋಡಿ ಹಿಂದೆ ಸರಿಯೋದು, ಕೊನೆಗೂ ದಾಟಲಿಲ್ಲ. ಅಲ್ಲಿ ಕೆಲವು ಗಾಡಿಗಳು ಅವು ಇಳಿಯೋ ದಾರಿಗೇ ಅಡ್ಡ ನಿಂತಿದ್ವು, ನೋಡಿ ಸಂಕಟ ಆಯ್ತು. ನಿಮ್ಮ ಡ್ರೈವರ್‌ಗೆ ಮೊದಲೇ ಹೇಳಿ, ಹತ್ರ ಬೇಡ, ದೂರ ನಿಲ್ಸಿ ಪರವಾಗಿಲ್ಲ ಅಂತ. ಜಾಸ್ತಿ ಟಿಪ್ಸ್ ಸಿಗತ್ತೆ ಅಂತಾನೇ ಅವರು ನುಗ್ಗೋದು, ನಾವು ಬೇಡ ಅಂದ್ರೆ ಅವರಿಗೂ ಸಮಾಧಾನ.

ದುಡ್ಡಿಂದು. ಮಾರಾ ಪ್ರವೇಶ ಶುಲ್ಕ ವಿದೇಶಿ ವಯಸ್ಕರಿಗೆ ದಿನಕ್ಕೆ ಜನವರಿ-ಜೂನ್ 100 ಡಾಲರ್, ಜುಲೈ-ಡಿಸೆಂಬರ್ 200 ಡಾಲರ್, 2024ರಿಂದ ಹಿಂಗೆ. ಅಂದ್ರೆ ನಾಲ್ಕು ದಿನಕ್ಕೆ ಒಬ್ಬರಿಗೆ 800 ಡಾಲರ್ ಬರೀ ಗೇಟಿಗೆ, ಮಕ್ಕಳಿಗೆ ಕಡಿಮೆ. ಇದು ಪ್ಯಾಕೇಜಲ್ಲಿ ಸೇರಿದೆಯಾ ಅಂತ ಬರವಣಿಗೇಲಿ ಕೇಳಿ. ಹೊರಡೋ ದಿನ ಬೆಳಿಗ್ಗೆ 10ರೊಳಗೆ ಗೇಟ್ ದಾಟ್ಬೇಕು, ಇಲ್ಲಾಂದ್ರೆ ಇನ್ನೊಂದು ದಿನದ್ದು ಕಟ್ಟಿಸ್ಕೊಳ್ತಾರೆ. ಉಳಿಸ್ಬೇಕು ಅಂದ್ರೆ ಲಾಡ್ಜಲ್ಲಿ ಉಳಿಸಿ, ಗಾಡೀಲಿ ಉಳಿಸ್ಬೇಡಿ. ನಮಗೆ ಬುಕ್ ಮಾಡಿಕೊಟ್ಟೋರು ಲ್ಯಾಂಡ್ ಕ್ರೂಸರ್, ನಿಮ್ಮ ಫ್ಯಾಮಿಲಿಗೇ ಅಂತ ಹೇಳಿ ಮೊದಲೆರಡು ದಿನ ವ್ಯಾನಲ್ಲಿ ಇನ್ನೂ ಮೂರು ಜನರ ಜೊತೆ ಕೂರಿಸಿದ್ರು, ಫೋನಲ್ಲಿ ಜಗಳ ಆಡಿದ್ಮೇಲೆ ಬದಲಾಯಿಸಿದ್ದು. ಛಾವಣಿ ಮೇಲೆತ್ತೋ ಫೋರ್ ಬೈ ಫೋರ್, ನಮಗೆ ಮಾತ್ರ, ಎಲ್ರಿಗೂ ಕಿಟಕಿ ಸೀಟು, ಈ ಮೂರೂ ಬರೆಸ್ಕೊಳ್ಳಿ. ನೈರೋಬಿಯಿಂದ ಮಾರಾಗೆ ರಸ್ತೇಲಿ ಐದಾರು ಗಂಟೆ, ಅತ್ತೆಗೆ ಬೆನ್ನುನೋವಿದ್ರೆ ವಿಲ್ಸನ್ ಏರ್‌ಪೋರ್ಟಿಂದ ಸಣ್ಣ ವಿಮಾನ ಇದೆ, ಮುಕ್ಕಾಲು ಗಂಟೆ, ಆದ್ರೆ 15 ಕೆಜಿ ಅಷ್ಟೇ, ಅದೂ ಮೆತ್ತನೆ ಬ್ಯಾಗಲ್ಲಿ.

ಈಗ ಎಲ್ಲಕ್ಕಿಂತ ಮುಖ್ಯ, ಯೆಲ್ಲೋ ಫೀವರ್ (ಸೊಳ್ಳೆಯಿಂದ ಬರೋ ಹಳದಿ ಜ್ವರ) ಲಸಿಕೆ. ಇದು ಅಲ್ಲಿಗೆ ಹೋಗಕ್ಕಿಂತ ವಾಪಸ್ ಇಂಡಿಯಾಗೆ ಬರಕ್ಕೆ ಬೇಕು, ಕಾರ್ಡ್ ಇಲ್ಲಾಂದ್ರೆ ಏರ್‌ಪೋರ್ಟಿಂದಾನೇ ಆರು ದಿನದವರೆಗೆ ಕ್ವಾರಂಟೈನ್ ಮಾಡ್ಬಹುದು. ಲಸಿಕೆ ಹಾಕ್ಸಿದ 10 ದಿನದ ಮೇಲೇನೇ ಸರ್ಟಿಫಿಕೇಟ್ ಚಾಲ್ತಿಗೆ ಬರೋದು, ಒಂದು ಸಲ ಹಾಕ್ಸಿದ್ರೆ ಜೀವಮಾನಕ್ಕೂ ಸಾಕು. ಮಾಮೂಲಿ ಕ್ಲಿನಿಕ್ಕಲ್ಲಿ ಹಾಕಲ್ಲ, ಸರ್ಕಾರ ಒಪ್ಪಿರೋ ಸೆಂಟರ್‌ಗಳಲ್ಲಿ ಮಾತ್ರ, ಅದಕ್ಕೆ ತಿಂಗಳು ಮುಂಚೆಯೇ ಅಪಾಯಿಂಟ್ಮೆಂಟ್ ತಗೊಳ್ಳಿ. ಅತ್ತೆಗೆ 60 ದಾಟಿರೋದ್ರಿಂದ ಟಿಕೆಟ್ ಬುಕ್ ಮಾಡೋಕ್ಕೆ ಮುಂಚೆ ಡಾಕ್ಟರ್ ಹತ್ರ ಕರ್ಕೊಂಡು ಹೋಗಿ, ಆ ವಯಸ್ಸಲ್ಲಿ ಈ ಲಸಿಕೆಗೆ ಅಡ್ಡಪರಿಣಾಮದ ಅಪಾಯ ಸ್ವಲ್ಪ ಜಾಸ್ತಿ, ಮೊಟ್ಟೆ ಅಲರ್ಜಿ ಇದ್ರೂ ಹೇಳ್ಬೇಕು. ನಮ್ಮಮ್ಮನಿಗೆ ಬಿಪಿ, ಶುಗರ್ ಎಲ್ಲಾ ನೋಡಿ ಆಮೇಲೆ ಹಾಕಿದ್ರು, ಏನೂ ಆಗ್ಲಿಲ್ಲ. ಮಾರಾದಲ್ಲಿ ಮಲೇರಿಯಾ ಇದೆ, ಅದ್ರ ಮಾತ್ರೆ ಬಗ್ಗೆನೂ ಅದೇ ಡಾಕ್ಟರ್‌ಗೆ ಕೇಳಿ, ಸಂಜೆ ಮೇಲೆ ತುಂಬುತೋಳು.

ಕೀನ್ಯಾಗೆ ವೀಸಾ ಬದಲು 2024ರಿಂದ ಈಟಿಎ ಅಂತ ಪ್ರಯಾಣದ ಅನುಮತಿ ಆನ್‌ಲೈನಲ್ಲಿ ತಗೋಬೇಕು, ಮಕ್ಕಳಿಗೂ ಬೇರೆ ಬೇರೆ, ಸುಮಾರು 30 ಡಾಲರ್. ಸರ್ಕಾರಿ ಸೈಟಲ್ಲೇ ಮಾಡಿ, ನೋಡಕ್ಕೆ ಅದೇ ಥರ ಇರೋ ಬೇರೆ ಸೈಟ್‌ಗಳು ದುಪ್ಪಟ್ಟು ಕೀಳ್ತವೆ. ಮುಂಬೈಯಿಂದ ನೈರೋಬಿ ನೇರ ವಿಮಾನ ಸುಮಾರು ಆರು ಗಂಟೆ. ಪ್ಲಾಸ್ಟಿಕ್ ಕವರ್ 2017ರಿಂದ ಅಲ್ಲಿ ನಿಷೇಧ, ಹಾಗಾಗಿ ಚಪ್ಪಲಿ, ತಿಂಡಿ ಎಲ್ಲಾ ಬಟ್ಟೆ ಚೀಲದಲ್ಲಿ ಕಟ್ಟಿ. ಸ್ವೆಟರ್ ಮರೀಬೇಡಿ, ಆಫ್ರಿಕಾ ಅಂದ್ರೆ ಸೆಖೆ ಅಂತ ನಾವೂ ಅಂದ್ಕೊಂಡಿದ್ವಿ, ಮಾರಾ 1,500 ಮೀಟರ್‌ಗಿಂತ ಎತ್ತರ, ಬೆಳಿಗ್ಗೆ ಆರಕ್ಕೆ ತೆರೆದ ಗಾಡೀಲಿ ಹಲ್ಲು ಕಟಕಟ ಅನ್ನತ್ತೆ.

ಊಟದ ಚಿಂತೆ ಬಿಡಿ. 1896ರಿಂದ ಐದಾರು ವರ್ಷ ಮೊಂಬಾಸಾಯಿಂದ ರೈಲು ಹಾಕಕ್ಕೆ ಅಂತ ನಮ್ಮ ಕಡೆಯಿಂದ 30 ಸಾವಿರಕ್ಕೂ ಮೇಲೆ ಕೂಲಿಗಳು ಹೋಗಿದ್ರು, ಹೆಚ್ಚಿನವರು ಪಂಜಾಬಿನೋರು, ಗುಜರಾತಿ ವ್ಯಾಪಾರಿಗಳೂ ಬಹಳ ಕಾಲದಿಂದ ಇದಾರೆ. ಅಲ್ಲಿ ಚಪಾತಿ ಅಂದ್ರೆ ಚಪಾತಿನೇ, ಟೀಗೆ ಚಾಯ್, ಗಾಡಿಗೆ ಗಾರಿ, ಅಂಗಡಿಗೆ ದುಕಾ. ಬಹಳಷ್ಟು ಲಾಡ್ಜಲ್ಲಿ ದಾಲ್, ಅನ್ನ, ಪಲ್ಯ ಇರತ್ತೆ, ಮುಂಚೆ ಹೇಳಿ ಅಷ್ಟೇ. ನಮ್ಮ ಡ್ರೈವರ್ ನಾರೋಕ್ ಊರಲ್ಲಿ ಊಟಕ್ಕೆ ನಿಲ್ಸಿ ಉಗಾಲಿ ತಗೊಂಡ್ರು, ಬಿಳಿ ಜೋಳದ ಹಿಟ್ಟು, ಅಂದ್ರೆ ಮುಸುಕಿನ ಜೋಳ, ಬಿಸಿನೀರಲ್ಲಿ ತೊಳಸಿ ಗಟ್ಟಿ ಮಾಡಿದ್ದು, ಜೊತೆಗೆ ಸುಕುಮಾ ವಿಕಿ ಅಂತ ಸೊಪ್ಪಿನ ಪಲ್ಯ. ಕೈಯಲ್ಲಿ ಮುರಿದು, ಉಂಡೆ ಮಾಡಿ, ಹೆಬ್ಬೆಟ್ಟಲ್ಲಿ ಗುಳಿ ಒತ್ತಿ ಸೊಪ್ಪು ಎತ್ಕೊಂಡು ತಿನ್ನೋದನ್ನ ನೋಡಿ ಅಮ್ಮ "ನಮ್ಮ ಮುದ್ದೆನೇ ಕಣೇ ಇದು" ಅಂತ ತಾವೂ ಒಂದು ತಟ್ಟೆ ಹೇಳಿದ್ರು. ನಮ್ಮದು ನುಂಗೋದು, ಅವರದ್ದು ಅಗಿಯೋದು, ಅಷ್ಟೇ ವ್ಯತ್ಯಾಸ. ಸೊಪ್ಪಿನ ಪಲ್ಯಕ್ಕೆ ಮಾಂಸದ ರಸ ಹಾಕಿದಾರಾ ಅಂತ ಒಂದ್ಸಲ ಕೇಳ್ಕೊಳ್ಳಿ.

ಹೊಸ ಪ್ಲಾನ್ ಬರೆಸ್ಕೊಂಡ್ಮೇಲೆ ಇಲ್ಲೇ ಹಾಕಿ, ಅಡ್ವಾನ್ಸ್ ಕಟ್ಟೋ ಮುಂಚೆ ಒಂದ್ಸಲ ನೋಡಿ ಹೇಳ್ತೀನಿ. ಅತ್ತೆಯವರ ಲಸಿಕೆ ವಿಷಯ ಮಾತ್ರ ಈ ವಾರಾನೇ ವಿಚಾರಿಸಿ.