ಸ್ವಇಚ್ಛೆಯ ಅರ್ಜಿಗೆ ಸಹಿ ಹಾಕಬೇಡಿ

ಟ್ರಾನ್ಸ್‌ಜೆಂಡರ್ ಎಂದು ಗೊತ್ತಾಗಿ ಸೇನಾಪಡೆಯಿಂದ ಹೊರಹಾಕುವ ಮೊದಲು ನಾನೇ ಗೌರವದಿಂದ ಬಿಡುವುದು ಲೇಸಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ನಾನು ಹಾಗೆಯೇ ಬಿಟ್ಟು ಬಂದವಳು.

ಆಗ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳನ್ನು ರಕ್ಷಿಸುವ 2019ರ ಕಾಯ್ದೆ ಬಂದಿರಲಿಲ್ಲ. ವೈದ್ಯಕೀಯ ತಪಾಸಣೆಯಲ್ಲಿ ನನ್ನ ವಿಷಯ ಹೊರಬಿದ್ದ ಮೇಲೆ ಮೇಲಧಿಕಾರಿ ಕರೆಸಿದರು. ಗದರಲಿಲ್ಲ. ನಿನ್ನ ಸೇವಾ ದಾಖಲೆಯಲ್ಲಿ ಒಂದು ಕಪ್ಪುಚುಕ್ಕೆಯೂ ಇಲ್ಲ, ಅದು ಹಾಗೆಯೇ ಉಳಿಯಲಿ, ಮನೆಯವರಿಗೂ ಏನೂ ತಿಳಿಯುವುದು ಬೇಡ ಎಂದರು. ಸ್ವಂತ ಕೋರಿಕೆಯ ಮೇಲೆ ಬಿಡುಗಡೆ ಕೇಳುವ ಅರ್ಜಿ ಆಗಲೇ ಟೈಪಾಗಿತ್ತು. ಕಾರಣದ ಜಾಗದಲ್ಲಿ ‘ಕೌಟುಂಬಿಕ ಸಮಸ್ಯೆ’ ಎಂದಿತ್ತು. ನನ್ನ ಮನೆಯಲ್ಲಿ ಯಾವ ಸಮಸ್ಯೆಯೂ ಇರಲಿಲ್ಲ. ಆದರೂ ಸಹಿ ಹಾಕಿದೆ.

ಆ ಸಹಿಯಿಂದ ಏನಾಯಿತು ಎನ್ನುವುದನ್ನು ದಯವಿಟ್ಟು ನಿಧಾನವಾಗಿ ಓದಿ. ಪಡೆ ನನ್ನನ್ನು ತೆಗೆದಿದ್ದರೆ ಆದೇಶವೊಂದು ಇರುತ್ತಿತ್ತು. ಅದಕ್ಕೆ ಮೊದಲು ಕಾರಣ ಕೇಳಿ ನೋಟಿಸ್ ಕೊಡಬೇಕಾಗುತ್ತಿತ್ತು. ಆ ಕಾರಣವನ್ನು ನಾನು ಪ್ರಶ್ನಿಸಬಹುದಿತ್ತು. ಈಗ ದಾಖಲೆಯ ಪ್ರಕಾರ ನನ್ನನ್ನು ಯಾರೂ ತೆಗೆದೇ ಇಲ್ಲ. ನಾನು ಕೇಳಿದೆ, ಅವರು ಕೊಟ್ಟರು. ಅನ್ಯಾಯವಾಯಿತು ಎಂದು ವಕೀಲರ ಬಳಿ ಹೋದಾಗ ಅವರು ಮೊದಲು ಕೈಗೆತ್ತಿಕೊಂಡದ್ದು ನನ್ನದೇ ಅರ್ಜಿಯನ್ನು. ಅಧಿಕಾರಿಯಲ್ಲದ ಸೈನಿಕರ ಪಿಂಚಣಿಗೆ ಬೇಕಾದ 15 ವರ್ಷವೂ ತುಂಬಿರಲಿಲ್ಲ, ಹಾಗಾಗಿ ಅದೂ ಇಲ್ಲ. ಗೌರವ ಎಂದು ಪಡೆಯವರು ಕರೆದದ್ದು ನನ್ನ ಮೌನವನ್ನು.

2017ರ ಅಕ್ಟೋಬರ್‌ನಲ್ಲಿ ನೌಕಾಪಡೆ ವಿಶಾಖಪಟ್ಟಣದ ನಾವಿಕರೊಬ್ಬರನ್ನು ಲಿಂಗ ಪರಿವರ್ತನೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದಕ್ಕೆ ಸೇವೆಯಿಂದ ಬಿಡುಗಡೆ ಮಾಡಿತು. ಅವರು ದೆಹಲಿ ಹೈಕೋರ್ಟಿಗೆ ಹೋದರು. ಹೋಗಲು ಸಾಧ್ಯವಾದದ್ದು ಅವರ ಕೈಯಲ್ಲಿ ಪಡೆಯದೇ ಆದೇಶವಿದ್ದುದರಿಂದ.

ಅಮೆರಿಕದಲ್ಲಿ 2025ರಲ್ಲಿ ಟ್ರಾನ್ಸ್‌ಜೆಂಡರ್ ಸೈನಿಕರನ್ನು ತೆಗೆಯಲು ಹೊರಟಾಗ, ತಾವಾಗಿ ಹೊರಡಲು ಒಪ್ಪಿದವರಿಗೆ, ಒತ್ತಾಯದಿಂದ ತೆಗೆಯುವವರಿಗೆ ಕೊಡುವುದರ ಎರಡು ಪಟ್ಟು ಪರಿಹಾರ ಎಂದರು. ಇವರು ನಿಜಕ್ಕೂ ಸೇವೆಗೆ ಅನರ್ಹರಾಗಿದ್ದರೆ, ಹೋಗುತ್ತೇನೆ ಎಂದು ಅವರ ಬಾಯಿಂದಲೇ ಹೇಳಿಸಲು ಅಷ್ಟು ದುಡ್ಡು ಏಕೆ ಬೇಕಿತ್ತು?

ಅನರ್ಹತೆಯ ಮಾತನ್ನು ನಾನು ಒಪ್ಪುವುದೇ ಇಲ್ಲ. ಮೊಣಕಾಲು ಕೆಟ್ಟವರನ್ನು, ಬೆನ್ನುಮೂಳೆಗೆ ಪೆಟ್ಟಾದವರನ್ನು ವೈದ್ಯಕೀಯ ದರ್ಜೆ ಇಳಿಸಿ ಹಗುರ ಕೆಲಸಕ್ಕೆ ಹಾಕಿ ಉಳಿಸಿಕೊಳ್ಳುವ ಪದ್ಧತಿ ನಮ್ಮ ಪಡೆಗಳಲ್ಲಿ ಇದೆ, ಅದು ಒಳ್ಳೆಯದೇ. ನಾನು ರಾತ್ರಿಯಿಡೀ ವೈರ್‌ಲೆಸ್ ಸೆಟ್ ಮುಂದೆ ಕೂತು ಸಂದೇಶ ತಪ್ಪದಂತೆ ನೋಡಿಕೊಂಡವಳು. ತಪಾಸಣೆಯ ಮರುದಿನ ನನ್ನ ಕಿವಿ ಮಂದವಾಗಲಿಲ್ಲ, ಕೈ ನಡುಗಲಿಲ್ಲ. ಕಲಿಸಿ ಪಳಗಿಸಿದವರನ್ನು ಹೀಗೆ ಕಳೆದುಕೊಳ್ಳುವುದು ಪಡೆಗೇ ನಷ್ಟ.

ಬಿಡುವುದೋ ಉಳಿಯುವುದೋ ಎಂದು ತೂಗುತ್ತ ಕೂರಬೇಡಿ. ತೆಗೆಯುವ ಇಚ್ಛೆ ಅವರದಾದರೆ ಆದೇಶದ ಕೆಳಗೆ ಸಹಿಯೂ ಅವರದೇ ಇರಲಿ. ಉದ್ಯೋಗದಲ್ಲಿ ತಾರತಮ್ಯ ಮಾಡಬಾರದು ಎನ್ನುವ 2019ರ ಕಾಯ್ದೆಯ 9ನೇ ಸೆಕ್ಷನ್ ನಿಮ್ಮ ಬೆನ್ನಿಗಿದೆ, ನನಗೆ ಅದಿರಲಿಲ್ಲ. ಬಾಯಿಮಾತಿನಲ್ಲಿ ಹೇಳಿದ್ದನ್ನೆಲ್ಲ ಲಿಖಿತವಾಗಿ ಕೇಳಿ. ಅಂತಿಮ ಆದೇಶ ಬಂದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಲು ಆರು ತಿಂಗಳ ಗಡುವಿದೆ, ಮರೆಯಬೇಡಿ. ಅರ್ಜಿ ಈಗಾಗಲೇ ಕೊಟ್ಟಿದ್ದರೆ, ಅದು ಮಂಜೂರಾಗುವ ಮೊದಲು, ಸಾಧ್ಯವಾದರೆ ನಾಳೆಯೇ, ಹಿಂತೆಗೆದುಕೊಳ್ಳುತ್ತೇನೆ ಎಂದು ಬರೆದುಕೊಟ್ಟು ಸ್ವೀಕೃತಿಯ ಪ್ರತಿ ಇಟ್ಟುಕೊಳ್ಳಿ.