ಕಾಲು ವಾಸಿಯಾಗಿದೆ, ಆದರೂ ಓಡೋಕೆ ಆಗ್ತಿಲ್ಲ

ಫಿಸಿಯೋಥೆರಪಿಸ್ಟ್ ಒಬ್ಬರು ಆಪ್ತಸಮಾಲೋಚಕಿಯಾದ ನನ್ನ ಹತ್ತಿರ ಕಳಿಸಿದ ಪ್ರಕರಣ ಇದು. ಚೀಟಿಯಲ್ಲಿ ಎರಡೇ ಸಾಲು ಇತ್ತು. ಮೂಳೆ ಕೂಡಿದೆ, ಇವರು ಒಂದೋ ಓಡುವುದೇ ಇಲ್ಲ, ಇಲ್ಲಾಂದ್ರೆ ಒಂದೇ ಸಲ ವಿಪರೀತ ಓಡುತ್ತಾರೆ, ಸ್ವಲ್ಪ ಮಾತಾಡಿ ನೋಡಿ.

ಅವರನ್ನು ಶಾಲಿನಿ ಅಂತ ಕರೆಯೋಣ. ಹೆಸರು, ಕೆಲಸ, ಮನೆಯ ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಅವರ ಒಪ್ಪಿಗೆ ಇದೆ. ಊರು ಮೈಸೂರು, ಅದನ್ನು ಹಾಗೇ ಬಿಟ್ಟಿದ್ದೇನೆ. ಇಲ್ಲಿ ಬೆಳಗ್ಗೆ ಓಡುವ ನಲವತ್ತರ ಆಸುಪಾಸಿನ ಹೆಂಗಸರು ಈಗ ಎಷ್ಟು ಜನ ಇದ್ದಾರೆ ಅಂದರೆ, ಗುರುತು ಸಿಗುವ ಭಯ ಇಲ್ಲ.

ಶಾಲಿನಿಗೆ 39 ವರ್ಷ. ಬ್ಯಾಂಕಲ್ಲಿ ಕೆಲಸ, ಇಬ್ಬರು ಮಕ್ಕಳು, ಗಂಡ, ಅತ್ತೆ. ಎರಡನೇ ಮಗು ಶಾಲೆಗೆ ಸೇರಿದ ಮೇಲೆ ಓಡಲು ಕಲಿತವರು. ಮೊದಲು ಕುಕ್ಕರಹಳ್ಳಿ ಕೆರೆ ಸುತ್ತ ವಾಕಿಂಗ್, ಆಮೇಲೆ ಜಾಗಿಂಗ್, ಆಮೇಲೆ ಒಂದು ಗುಂಪು, ಬೆಂಗಳೂರಿನ 10ಕೆ ಅಂದರೆ 10 ಕಿಲೋಮೀಟರ್ ಓಟ, ಕೊನೆಗೆ 21.1 ಕಿಲೋಮೀಟರಿನ ಹಾಫ್ ಮ್ಯಾರಥಾನ್. ಎರಡನೇ ಹಾಫ್‌ಗೆ ತಯಾರಿ ನಡೆಯುವಾಗ ಬಲಗಾಲಲ್ಲಿ ನೋವು ಶುರುವಾಯಿತು, ಮೊಣಕಾಲ ಕೆಳಗೆ, ಉದ್ದ ಮೂಳೆಯ ಒಳಮಗ್ಗುಲಲ್ಲಿ. ಗುಂಪಿನವರು ಶಿನ್ ಸ್ಪ್ಲಿಂಟ್ (ಓಡುವವರಿಗೆ ಆ ಮೂಳೆಯ ಉದ್ದಕ್ಕೂ ಬರುವ ನೋವು) ಇರಬೇಕು, ಐಸ್ ಇಡಿ ಅಂದರು. ಐಸ್ ಇಟ್ಟರು, ನೋವಿನ ಮಾತ್ರೆ ನುಂಗಿದರು, ಓಡಿದರು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಮೂಳೆಯ ಸಣ್ಣ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಕಾಣದೇ ಇರುವುದು ಮಾಮೂಲು. ಎಂಆರ್‌ಐ ಮಾಡಿಸಿದಾಗ ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಮತ್ತೆ ಮತ್ತೆ ಭಾರ ಬಿದ್ದು ಮೂಳೆಯಲ್ಲಿ ಬಿಟ್ಟ ಸಣ್ಣ ಬಿರುಕು, ಅಂತ ಗೊತ್ತಾಯಿತು. ಮೂಳೆ ಡಾಕ್ಟರು 8 ವಾರ ಓಟ ಬಂದ್ ಅಂದರು.

8 ವಾರ ಮುಗಿದ ಮೊದಲ ಭಾನುವಾರವೇ ಇವರು ಗುಂಪಿನ ಜೊತೆ ಹೋಗಿ 8 ಕಿಲೋಮೀಟರ್ ಓಡಿಬಿಟ್ಟರು. ಅದೇ ಜಾಗದಲ್ಲಿ ಮತ್ತೆ ನೋವು, ಮತ್ತೆ ಎರಡು ತಿಂಗಳು ಮನೆ. ಆಮೇಲೆ ಫಿಸಿಯೋ, ವ್ಯಾಯಾಮ, ಎಲ್ಲ ಸರಿಹೋಗಿ ಇನ್ನು ನಿಧಾನವಾಗಿ ಶುರು ಮಾಡಬಹುದು ಅಂತ ಒಪ್ಪಿಗೆ ಸಿಕ್ಕಿತು. ಆಗ ಕಾಲು ಏಳಲಿಲ್ಲ. "ಕೆರೆ ಗೇಟಿನ ತನಕ ಹೋಗ್ತೀನಿ ಮೇಡಂ, ಶೂ ಲೇಸ್ ಬಿಗಿ ಮಾಡ್ಕೊಂಡು ವಾಪಸ್ ಬಂದ್ಬಿಡ್ತೀನಿ."

ಮೊದಲ ಭೇಟಿಯಲ್ಲಿ ನಾನು ಗಮನಿಸಿದ್ದು ಅವರ ಬಲಗೈಯನ್ನು. ಮಾತಾಡುತ್ತಾ ಮಾತಾಡುತ್ತಾ ಬಗ್ಗಿ ಬೆರಳಿಂದ ಆ ಮೂಳೆಯನ್ನು ಒತ್ತಿ ನೋಡುತ್ತಿದ್ದರು. ದಿನಕ್ಕೆ ಎಷ್ಟು ಸಲ ಹೀಗೆ ಅಂತ ಕೇಳಿದೆ. ಲೆಕ್ಕ ಇಲ್ಲ, ಕ್ಯಾಶ್ ಕೌಂಟರಲ್ಲಿ ಕೂತಾಗಲೂ ಒತ್ತುತ್ತೀನಿ ಅಂದರು. ಯಾವ ಕಾಲನ್ನೇ ಆಗಲಿ, ಅಷ್ಟು ಸಲ ಒತ್ತಿದರೆ ನೋವು ಬಂದೇ ಬರುತ್ತದೆ. ನೋವು ಕಂಡರೆ ಭಯ, ಭಯ ಬಂದರೆ ಇನ್ನೊಂದು ಸಲ ಒತ್ತುವುದು. ಅವತ್ತು ನಾನು ಕೊಟ್ಟ ಒಂದೇ ಸಲಹೆ ಇದು: ಬೆಳಗ್ಗೆ ಎದ್ದಾಗ ಒಂದು ಸಲ, ರಾತ್ರಿ ಮಲಗುವ ಮುಂಚೆ ಒಂದು ಸಲ ನೋಡಿ. ನಡುವೆ ಕೈ ಹೋದರೆ ಕೈಗೆ ಬೇರೆ ಕೆಲಸ ಕೊಡಿ.

ಎರಡನೇ ಭೇಟಿಯಲ್ಲಿ ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ ಬಂದರು, ಅಂದರೆ ಶಾಲಿನಿಯ ಮೊಬೈಲಲ್ಲಿ. ಗುಂಪಿನಲ್ಲಿ ಯಾರೋ ಹುರಿದುಂಬಿಸಲು ಆಕೆಯ ಕಥೆ ಕಳಿಸಿದ್ದರು. 2008ರಲ್ಲಿ ಅವರಿಗೂ ತೊಡೆಮೂಳೆಯಲ್ಲಿ ಇಂಥದ್ದೇ ಬಿರುಕು ಬಿಟ್ಟಿತ್ತು, ಅದೇ ವರ್ಷ ನವೆಂಬರಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. "ನನಗೆ ಕೆರೆ ಒಂದು ಸುತ್ತು ಹಾಕೋಕೂ ಆಗ್ತಿಲ್ಲ ನೋಡಿ." ನಾನಂದೆ, ಅದೇ ವರ್ಷ ಆಗಸ್ಟಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಆಕೆ ಬಂದಿದ್ದು 23ನೇ ಸ್ಥಾನದಲ್ಲಿ, ಅದನ್ನು ಯಾಕೋ ಯಾರೂ ಫಾರ್ವರ್ಡ್ ಮಾಡಲ್ಲ. ಇನ್ನೊಂದು, ಓಟ ಆಕೆಯ ಕೆಲಸ. ಬೆಳಗ್ಗೆ ಆರು ಗಂಟೆಗೆ ಆಕೆಯನ್ನು ಯಾರೂ ಮಕ್ಕಳ ಡಬ್ಬಿಗೆ ಏನು ಅಂತ ಕೇಳುವುದಿಲ್ಲ, ಅಲ್ವಾ?

ಸುಮ್ನೆ ತಮಾಷೆಗೆ ಅಂದಿದ್ದು. ಶಾಲಿನಿ ಅತ್ತುಬಿಟ್ಟರು.

ಅಲ್ಲಿಂದ ವಿಷಯ ಬಿಚ್ಚಿಕೊಂಡಿತು. ಓಡುತ್ತಿದ್ದ ಕಾಲದಲ್ಲಿ ಬೆಳಗ್ಗೆ ಐದೂವರೆಯಿಂದ ಆರೂಮುಕ್ಕಾಲು ಅವರದ್ದು. ಇಡೀ ದಿನದಲ್ಲಿ ಯಾರೂ ಅವರನ್ನು ಕೂಗದ ಹೊತ್ತು ಅದೊಂದೇ. ಕಾಲು ಪೆಟ್ಟಾದ ಮೇಲೆ ಆ ಹೊತ್ತು ಮನೆಯದಾಯಿತು. ಹೇಗೂ ಎದ್ದಿದ್ದೀಯಲ್ಲ ಅಂತ ಅತ್ತೆಯ ಕಾಫಿ, ಹೇಗೂ ಮನೆಯಲ್ಲೇ ಇದ್ದೀಯಲ್ಲ ಅಂತ ಮಕ್ಕಳಿಗೆ ಬ್ರೆಡ್ ಬದಲು ಬಿಸಿ ದೋಸೆ, ಗಂಡನಿಗೂ ಡಬ್ಬಿ. ಯಾರೂ ಕೆಟ್ಟವರಲ್ಲ, ಯಾರೂ ಕಿತ್ತುಕೊಂಡಿದ್ದಲ್ಲ, ಖಾಲಿ ಇತ್ತು, ತುಂಬಿಕೊಂಡಿತು. ಈಗ ಓಟ ಅಂತ ಹೊರಟರೆ ಅದನ್ನೆಲ್ಲ ವಾಪಸ್ ಕೇಳಬೇಕು. ವಾಪಸ್ ಕೇಳಿ ಮಾಡುವುದಾದರೂ ಏನು? ಫಿಸಿಯೋ ಹೇಳಿದ ಒಂದು ನಿಮಿಷ ಜಾಗಿಂಗ್, ಎರಡು ನಿಮಿಷ ವಾಕಿಂಗ್. "ಇದಕ್ಕೆ ಮನೆಯವರನ್ನೆಲ್ಲ ಯಾಕೆ ಒದ್ದಾಡಿಸಬೇಕು ಮೇಡಂ? ಹಾಫ್ ಮ್ಯಾರಥಾನ್ ಆದ್ರೆ ಹೇಳ್ಕೋಬಹುದು."

ಆ ಭಾನುವಾರದ 8 ಕಿಲೋಮೀಟರ್ ಎಲ್ಲಿಂದ ಬಂತು ಅಂತ ನನಗೆ ಆಗ ಅರ್ಥವಾಯಿತು. ಒಂದೂಕಾಲು ಗಂಟೆ ಮನೆಯಿಂದ ಆಚೆ ಇದ್ದಿದ್ದಕ್ಕೆ ಲೆಕ್ಕ ಒಪ್ಪಿಸಲು ಓಡಿದ ಓಟ ಅದು. ಗೇಟಿನಿಂದ ವಾಪಸ್ ಬರುವುದೂ ಅದೇ ಕಾರಣಕ್ಕೆ, ಒಪ್ಪಿಸುವಂಥ ಲೆಕ್ಕ ಇಲ್ಲ ಅಂತ. ಜಾಸ್ತಿ ಓಡುವುದು, ಓಡದೇ ಇರುವುದು ಎರಡಕ್ಕೂ ಬೇರು ಒಂದೇ ಕಡೆ ಇತ್ತು. ಗಾಯದಿಂದ ಎದ್ದು ಓಟಕ್ಕೆ ಮರಳುವ ಹೆಂಗಸರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಗಂಡಸರಿಗೆ ಬೇರೆ ಕಾಟ ಇರುತ್ತದೆ, ಹಳೆ ಟೈಮಿಂಗ್, ಜೊತೆಗಾರರ ಮುಂದೆ ಮರ್ಯಾದೆ. ಆದರೆ ವಾಕಿಂಗ್ ಮಾಡಲು ಒಂದು ಗಂಟೆ ಹೋಗಿದ್ದಕ್ಕೆ ತಪ್ಪು ಮಾಡಿದ ಹಾಗೆ ಕೂತ ಗಂಡಸನ್ನು ನಾನಂತೂ ಕಂಡಿಲ್ಲ.

ಹಾಗಾಗಿ ನಾನು ಹೇಳಿದ ಮೊದಲ ಕೆಲಸ ಓಟದ್ದಲ್ಲ. ಮಂಗಳವಾರ, ಗುರುವಾರ, ಶನಿವಾರ ಐದೂವರೆಗೆ ಮನೆ ಬಿಡಿ, ಆರೂಮುಕ್ಕಾಲಿಗೆ ಬನ್ನಿ. ಆ ಹೊತ್ತಿನಲ್ಲಿ ನಡೆಯಿರಿ, ಬೆಂಚಿನ ಮೇಲೆ ಕೂರಿ, ಕಾಫಿ ಕುಡಿಯಿರಿ, ನನಗೇನೂ ಹೇಳಬೇಡಿ. ಮನೆಯಲ್ಲಿ ಎಷ್ಟು ಓಡಿದೆ ಅಂತ ಕೇಳಿದರೆ "ಹೋಗಿ ಬಂದೆ" ಅಷ್ಟೇ. ಎರಡು ವಾರ ಹೀಗೆ.

ಗಂಡನನ್ನೂ ಒಮ್ಮೆ ಕರೆಸಿದೆ. ಒಳ್ಳೆಯ ಮನುಷ್ಯ, ಸ್ವಲ್ಪ ಹೆದರಿದ್ದರು. "ನಾನು ಬೇಡ ಅಂದಿಲ್ಲ ಮೇಡಂ, ಆದ್ರೆ ಇವಳು ಮತ್ತೆ ಮುರ್ಕೊಂಡ್ರೆ ಎಲ್ಲ ನಿಂತೋಗುತ್ತೆ." ಏನೇನು ನಿಂತುಹೋಗುತ್ತದೆ ಅಂತ ಬರೆಯಲು ಕಾಗದ ಕೊಟ್ಟೆ. ಡಬ್ಬಿ, ಯೂನಿಫಾರ್ಮ್, ಹಾಲು, ಅತ್ತೆಯ ಬಿಪಿ ಮಾತ್ರೆ, ಸ್ಕೂಲ್ ವ್ಯಾನು. ಬರೆದು ಮುಗಿಸಿ ಅವರೇ ಸುಮ್ಮನಾದರು. ವಾರದಲ್ಲಿ ಮೂರು ಬೆಳಗ್ಗೆ ಆ ಪಟ್ಟಿ ಅವರದ್ದು ಅಂತ ಮಾತಾಯಿತು. ಚಪಾತಿ ಬರಲ್ಲ ಅಂದರು. ಅವಲಕ್ಕಿ ಬರುತ್ತಲ್ಲ, ಅದೇ ಆಗಲಿ. ಅತ್ತೆ ದೊಡ್ಡ ಅಡ್ಡಿ ಆಗುತ್ತಾರೆ ಅಂತ ದಂಪತಿ ಇಬ್ಬರೂ ಹೆದರಿದ್ದರು. ಅವರು ಹೇಳಿದ್ದು ಇಷ್ಟೇ ಅಂತೆ: "ಹೋಗಮ್ಮ, ನೀನು ಓಡ್ತಿದ್ದಾಗಲೇ ಮನೇಲಿ ಕಿರುಚಾಟ ಕಮ್ಮಿ ಇತ್ತು."

ಇನ್ನೊಂದು ವಿಷಯ ಕೇಳದೇ ಬಿಡುವ ಹಾಗಿರಲಿಲ್ಲ. ಸ್ಟ್ರೆಸ್ ಫ್ರ್ಯಾಕ್ಚರ್ ಆದ ಹೆಂಗಸು ಅಂದ ಕೂಡಲೇ ಮುಟ್ಟಿನ ಬಗ್ಗೆ, ಊಟದ ಬಗ್ಗೆ ಕೇಳುತ್ತೇನೆ. ತಯಾರಿ ಜೋರಾಗಿದ್ದಾಗ ಮೂರು ತಿಂಗಳು ಮುಟ್ಟೇ ಆಗಿರಲಿಲ್ಲ. ಒಳ್ಳೆಯದೇ ಆಯಿತು, ಕಿರಿಕಿರಿ ಇಲ್ಲ ಅಂದುಕೊಂಡಿದ್ದರು, ಮೂಳೆ ಡಾಕ್ಟರಿಗೆ ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಓಡುವಷ್ಟು ತಿನ್ನದೇ ಹೋದರೆ ದೇಹ ಉಳಿತಾಯ ಶುರು ಮಾಡುತ್ತದೆ, ಈಸ್ಟ್ರೋಜನ್ ಅನ್ನುವ ಹಾರ್ಮೋನು ಕಡಿಮೆಯಾಗುತ್ತದೆ, ಮುಟ್ಟು ನಿಲ್ಲುತ್ತದೆ, ಮೂಳೆ ಸೊರಗುತ್ತದೆ. 2014ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟಿತು, ಗಂಡಸರಿಗೂ ಆಗುತ್ತದೆ. ಶಾಲಿನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದರು. ಓಡುತ್ತಿಲ್ಲವಲ್ಲ, ದಪ್ಪ ಆಗುತ್ತೇನೆ ಅಂತ ರಾತ್ರಿ ಊಟ ಬಿಟ್ಟಿದ್ದರು. ಮೂಳೆ ಕೂಡುವ ಹೊತ್ತಿನಲ್ಲೇ ಅದಕ್ಕೆ ಬೇಕಾದ್ದನ್ನು ಕೊಟ್ಟಿರಲಿಲ್ಲ. ಬ್ಯಾಂಕಲ್ಲಿ ಎಲ್ಲರೂ "ಎಷ್ಟು ಸಣ್ಣ ಆಗಿದ್ದೀರಿ, ಸೂಪರ್" ಅನ್ನುತ್ತಿದ್ದರಂತೆ. ಈ ಮಾತನ್ನು ನಮ್ಮ ಜನ ಯಾವಾಗ ಬಿಡುತ್ತಾರೋ.

ಇದು ನನ್ನ ಕೈಯಲ್ಲಿ ಮುಗಿಯುವಂಥದ್ದಲ್ಲ. ಸ್ತ್ರೀರೋಗ ತಜ್ಞರ ಹತ್ತಿರ ಕಳಿಸಿದೆ, ವಿಟಮಿನ್ ಡಿ, ಕಬ್ಬಿಣದ ಅಂಶ ಪರೀಕ್ಷೆ ಆಯಿತು, ಆಹಾರ ತಜ್ಞರನ್ನೂ ಕಂಡರು. ನಾನು ಹೇಳಿದ್ದು ಒಂದೇ: ಖಾಲಿ ಹೊಟ್ಟೆಯಲ್ಲಿ ಮನೆ ಬಿಡಬೇಡಿ, ಒಂದು ಬಾಳೆಹಣ್ಣಾದರೂ ತಿನ್ನಿ. ರಾತ್ರಿ ಊಟ ಓಡಿದ ದಿನಕ್ಕೂ ಓಡದ ದಿನಕ್ಕೂ ಒಂದೇ ಇರಲಿ.

ಓಟದ ಯೋಜನೆ ಫಿಸಿಯೋದು. ಅದನ್ನು ಪಾಲಿಸಲು ಏನು ಅಡ್ಡ ಬರುತ್ತದೆ ಅನ್ನುವುದು ನನ್ನ ಕೆಲಸ. ಬಿರುಸಾಗಿ 30 ನಿಮಿಷ ನಡೆದರೂ ನೋವಿಲ್ಲ ಅನ್ನುವುದು ಮೊದಲ ಮೆಟ್ಟಿಲು. ಆಮೇಲೆ ಒಂದು ನಿಮಿಷ ಜಾಗಿಂಗ್, ಎರಡು ನಿಮಿಷ ನಡಿಗೆ, ಮಧ್ಯೆ ಒಂದು ದಿನ ಕಡ್ಡಾಯ ಬಿಡುವು. ಮಾತಾಡುತ್ತಾ ಓಡುವಷ್ಟೇ ವೇಗ. ಎರಡು ಮೂರು ಸಲ ನೋವಿಲ್ಲದೆ ಆದರೆ ಮಾತ್ರ ಮುಂದಿನ ಮೆಟ್ಟಿಲು, ಅದೂ ನಿಮಿಷ ಜಾಸ್ತಿ ಮಾಡುವುದು, ವೇಗ ಅಲ್ಲ.

ಇಲ್ಲಿ ಒಂದು ಅಪಾಯ ಇದೆ, ಇದನ್ನು ಅವರಿಗೆ ಎರಡೆರಡು ಸಲ ಹೇಳಿದೆ. ಉಸಿರು ಬೇಗ ವಾಪಸ್ ಬರುತ್ತದೆ. ಕೆಲವು ವಾರದಲ್ಲೇ ಏದುಸಿರು ಕಮ್ಮಿಯಾಗಿ, ಅರೆ ಇನ್ನೂ ಓಡಬಹುದಲ್ಲ ಅನ್ನಿಸುತ್ತದೆ. ಮೂಳೆ, ಸ್ನಾಯುವನ್ನು ಮೂಳೆಗೆ ಕಟ್ಟಿಡುವ ಸ್ನಾಯುರಜ್ಜು ಅಷ್ಟು ಬೇಗ ಗಟ್ಟಿಯಾಗಲ್ಲ, ಅವಕ್ಕೆ ತಿಂಗಳುಗಟ್ಟಲೆ ಬೇಕು. ಬಹಳ ಜನ ಮತ್ತೆ ಪೆಟ್ಟು ಮಾಡಿಕೊಳ್ಳುವುದು ಕಷ್ಟದ ವಾರದಲ್ಲಲ್ಲ, ಚೆನ್ನಾಗಿದೆ ಅನ್ನಿಸಿದ ವಾರದಲ್ಲಿ.

ನೋವಿನ ಬಗ್ಗೆಯೂ ಗುಂಪಿನವರು ಗೊಂದಲ ಮಾಡಿಟ್ಟಿದ್ದರು. ಹತ್ತರಲ್ಲಿ ಎರಡು ಮೂರರಷ್ಟು ನೋವು ಇದ್ದರೆ ಓಡಬಹುದು ಅಂದಿದ್ದರಂತೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜಿನಂಥ ತೊಂದರೆಗೆ ಆ ಮಾತು ನಡೆಯುತ್ತದೆ. ಮೂಳೆ ಬಿರುಕಿಗೆ ನಡೆಯಲ್ಲ. ಬೆರಳ ತುದಿಯಲ್ಲಿ ಇಲ್ಲೇ ಅಂತ ತೋರಿಸಬಹುದಾದ ನೋವು ಸ್ವಲ್ಪ ಬಂದರೂ ಅವತ್ತಿಗೆ ಓಟ ಮುಗಿಯಿತು, ನಡೆದು ಮನೆಗೆ. ರಾತ್ರಿ ನೋವು ಬಂದರೆ, ಕುಂಟು ಬಂದರೆ ಡಾಕ್ಟರು. ಎರಡೂ ಕಾಲಿನ ಮೀನಖಂಡ ಹಿಡಿದುಕೊಂಡು ಎರಡು ದಿನದಲ್ಲಿ ಬಿಟ್ಟುಹೋದರೆ ಅದು ಮೈಕೈ ನೋವು, ಅದಕ್ಕೆ ಹೆದರಬೇಡಿ. ಈ ನಾಲ್ಕು ಮಾತನ್ನು ಬರೆದು ಫ್ರಿಜ್ ಮೇಲೆ ಅಂಟಿಸಿ ಅಂದೆ. ಆ ಕ್ಷಣದಲ್ಲಿ ನಿರ್ಧಾರ ಮಾಡಲು ಕೂತರೆ ಮನಸ್ಸು ತನಗೆ ಬೇಕಾದ್ದನ್ನೇ ಹೇಳುತ್ತದೆ.

ಜಾಗ ಬದಲಿಸಿ ಅಂತಲೂ ಹೇಳಿದೆ. ಕುಕ್ಕರಹಳ್ಳಿಯ ಪ್ರತಿ ತಿರುವಿನಲ್ಲೂ ಅವರ ಹಳೆ ಟೈಮಿಂಗ್ ನಿಂತಿತ್ತು, ಗುಂಪಿನವರೂ ನಿಂತಿರುತ್ತಿದ್ದರು. ಅವರು ಲಿಂಗಾಂಬುಧಿ ಕೆರೆ ಆರಿಸಿಕೊಂಡರು. ಮಣ್ಣಿನ ದಾರಿ, ಪರಿಚಯದವರು ಕಡಿಮೆ, ಹಕ್ಕಿ ನೋಡಲು ಬಂದವರು ಇವರನ್ನು ನೋಡುವುದಿಲ್ಲ. ಓಟದ ಲೆಕ್ಕ ಇಟ್ಟು ಬೇರೆಯವರಿಗೂ ತೋರಿಸುವ ಸ್ಟ್ರಾವಾ ಆ್ಯಪ್ ತೆಗೆದುಹಾಕಿ ಅಂತ ನಾನು ಹೇಳಲಿಲ್ಲ, ಹೇಳಿದರೆ ಕದ್ದು ನೋಡುತ್ತಾರೆ. ಬೇರೆಯವರಿಗೆ ಕಾಣದ ಹಾಗೆ ಇಟ್ಟುಕೊಂಡರು, ವಾಚಿನಲ್ಲಿ ನಿಮಿಷ ಮಾತ್ರ.

ನಡುವೆ ಒಂದು ವಾರ ಪೂರ್ತಿ ಕೆಟ್ಟಿತು. ಮಗುವಿಗೆ ಜ್ವರ, ಬ್ಯಾಂಕಲ್ಲಿ ಆಡಿಟ್, ಓಟ ಇಲ್ಲ. ಮುಂದಿನ ವಾರ ತಪ್ಪಿದ್ದನ್ನೆಲ್ಲ ಸೇರಿಸಿ ಓಡಲು ಹೊರಟಿದ್ದರು. ಹೊರಡುವ ಮುಂಚೆ ಫೋನ್ ಮಾಡಿದರು, ಅದೇ ದೊಡ್ಡ ವಿಷಯ. ತಪ್ಪಿದ್ದು ತಪ್ಪಿತು, ಒಂದು ಮೆಟ್ಟಿಲು ಕೆಳಗಿಂದ ಶುರು ಮಾಡಿ ಅಂದೆ.

ಈಗ ನಿಲ್ಲದೆ 25 ನಿಮಿಷ ಓಡುತ್ತಾರೆ. ನಿಧಾನ. ಮುಟ್ಟು ಸರಿಯಾಗಿ ಬರುತ್ತಿದೆ. ಕೈ ಮೂಳೆಗೆ ಹೋಗುವುದು ಪೂರ್ತಿ ನಿಂತಿಲ್ಲ, ಟೆನ್ಶನ್ ಇದ್ದ ದಿನ ಹೋಗುತ್ತದೆ. ಗುಂಪಿನವರು ಬೆಂಗಳೂರಿನ 10ಕೆಗೆ ಇವರ ಹೆಸರೂ ಕೊಡೋಣವೇ ಅಂತ ಕೇಳಿದ್ದಾರೆ. ಕಾಲಿನ ಉತ್ತರ ಫಿಸಿಯೋ ಹೇಳುತ್ತಾರೆ, ನೀವು ಯಾರಿಗೆ ತೋರಿಸಲು ಓಡುತ್ತೀರಿ ಅನ್ನುವುದನ್ನು ಬರೆದುಕೊಂಡು ಬನ್ನಿ ಅಂದಿದ್ದೇನೆ. ಮಂಗಳವಾರ, ಗುರುವಾರ ಗಂಡನ ಅವಲಕ್ಕಿ ನಡೆಯುತ್ತಿದೆ. ಶನಿವಾರದ ಡಬ್ಬಿ ಮಾತ್ರ ಯಾವಾಗಲೋ ಮೆಲ್ಲಗೆ ಅತ್ತೆಯ ಪಾಲಿಗೆ ಹೋಗಿದೆ, ಮುಂದಿನ ಭೇಟಿಗೆ ಅವರ ಗಂಡನನ್ನೂ ಬರಲು ಹೇಳಿದ್ದೇನೆ.